ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಯಾರು ಯಾರ ಕಡೆ?

ಊರಿನಲ್ಲಿ ಮನೆ ಕೊಳ್ಳುವಾಗ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಸಿದರೆ ಮಾತು ಗಟ್ಟಿಯಾಯಿತು ಅಂತ ಲೆಕ್ಕ. ಇಂಗ್ಲೆಂಡಿನಲ್ಲಿ ಹಾಗಲ್ಲ. ಏಜೆಂಟ್ ಫೋನ್ ಮಾಡಿ ನಿಮ್ಮ ಆಫರ್ ಒಪ್ಪಿದ್ದಾರೆ ಅಂದರೂ, ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಎರಡೂ ಕಡೆಯವರು ಸಹಿ ಮಾಡಿದ ಕರಾರಿನ ವಿನಿಮಯ) ಆಗುವವರೆಗೆ ಅದಕ್ಕೆ ಕಾನೂನಿನ ಬಲ ಇಲ್ಲ. ಜಾಸ್ತಿ ಕೊಡುವವರು ಸಿಕ್ಕರೆ ಮಾರುವವರು ನಿಮ್ಮನ್ನು ಕೈಬಿಡಬಹುದು, ಅಷ್ಟರಲ್ಲಿ ನೀವು ಸರ್ವೇಗೆ (ಮನೆಯ ಸ್ಥಿತಿಯ ತಪಾಸಣೆ), ಸಾಲಿಸಿಟರ್‌ಗೆ (ಕಾಗದಪತ್ರ ನೋಡುವ ವಕೀಲರು) ಕೊಟ್ಟ ದುಡ್ಡು ಹೋದ ಹಾಗೇ. ನೀವೂ ಅಷ್ಟೇ, ಬೇಡ ಅನ್ನಿಸಿದರೆ ಹಿಂದೆ ಸರಿಯಬಹುದು. (ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ. ಇಲ್ಲಿ ಹೇಳಿದ್ದು ಅಲ್ಲಿಗೆ ಹೊಂದುವುದಿಲ್ಲ.)

ಹಾಗಾಗಿ ಎಕ್ಸ್‌ಚೇಂಜ್ ತನಕ ಪ್ರತಿಯೊಬ್ಬರ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವರಿಗೆ ದುಡ್ಡು ಕೊಡುವುದು ಯಾರು? ಎಸ್ಟೇಟ್ ಏಜೆಂಟ್ ಎಷ್ಟೇ ನಗುನಗುತ್ತಾ ಮಾತಾಡಲಿ, ಅವರ ಕಮಿಷನ್ ಬರುವುದು ಮಾರುವವರಿಂದ. ಅವರು ತೋರಿಸಿದ ಸಾಲಿಸಿಟರ್ ಅಥವಾ ಸಾಲ ಕೊಡಿಸುವ ಬ್ರೋಕರನ್ನೇ ಹಿಡಿಯಬೇಕೆಂಬ ನಿಯಮ ಇಲ್ಲ. ಆ ಶಿಫಾರಸಿಗೆ ಅವರಿಗೆ ರೆಫರಲ್ ಫೀ ಸಿಗುತ್ತಿರಬಹುದು. ಎಷ್ಟರವರೆಗೆ ಹೋಗ್ತೀರಾ ಅಂತ ಕೇಳಿದರೆ ಸುಮ್ನೆ ನಗಿ, ಮಿತಿ ಹೇಳಬೇಡಿ.

ಮನೆ ನೋಡಲು ಹೋಗುವ ಮುಂಚೆ ಬ್ಯಾಂಕಿನಿಂದ ಅಗ್ರಿಮೆಂಟ್ ಇನ್ ಪ್ರಿನ್ಸಿಪಲ್ (ಇಷ್ಟು ಸಾಲ ಕೊಡಬಹುದು ಅನ್ನುವ ಪತ್ರ) ತೆಗೆದುಕೊಳ್ಳಿ. ಸಾಮಾನ್ಯವಾಗಿ ವರ್ಷದ ಸಂಬಳದ ನಾಲ್ಕರಿಂದ ನಾಲ್ಕೂವರೆ ಪಟ್ಟು ಸಾಲ ಸಿಗುತ್ತದೆ. ಡಿಪಾಸಿಟ್ (ಮನೆ ಬೆಲೆಯಲ್ಲಿ ನೀವು ಕೈಯಿಂದ ಹಾಕುವ ಪಾಲು) ಶೇಕಡಾ 5 ಇದ್ದರೂ ಮಾರ್ಟ್‌ಗೇಜ್, ಅಂದರೆ ಮನೆ ಸಾಲ, ಇದೆ, ಆದರೆ 10, 15, 25 ಹೀಗೆ ಮೇಲೆ ಹೋದ ಹಾಗೆ ಬಡ್ಡಿ ಇಳಿಯುತ್ತದೆ. ವೀಸಾದಲ್ಲಿ ಇರುವವರಿಗೆ ಕೆಲವು ಬ್ಯಾಂಕುಗಳು ಜಾಸ್ತಿ ಡಿಪಾಸಿಟ್ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಅದಕ್ಕೇ ಇಡೀ ಮಾರುಕಟ್ಟೆ ನೋಡುವ ಬ್ರೋಕರ್ ಬೇಕು, ಎರಡು ಮೂರು ಬ್ಯಾಂಕಿನ ಸಾಲ ಮಾತ್ರ ಕೊಡಿಸುವವರು ಬೇಡ. ತುಂಬಾ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಇಲ್ಲಿ ವಾಸವಿರುವ ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದೆಯೂ ಮತದಾರರ ಪಟ್ಟಿಗೆ ಸೇರಬಹುದು, ಅದರಿಂದ ನಿಮ್ಮ ಕ್ರೆಡಿಟ್ ದಾಖಲೆಗೂ ಒಳ್ಳೆಯದು.

ಈಗ ದುಬಾರಿಯ ಮಾತು, ಸ್ಟ್ಯಾಂಪ್ ಡ್ಯೂಟಿ. 2025ರ ಏಪ್ರಿಲ್ 1ರಿಂದ ಬಂದ ದರದಲ್ಲಿ 4 ಲಕ್ಷ ಪೌಂಡಿನ ಮನೆಗೆ ಮೊದಲ ಬಾರಿ ಕೊಳ್ಳುವವರು 5,000 ಪೌಂಡ್ ಕಟ್ಟುತ್ತಾರೆ, ಉಳಿದವರು 10,000. ಈಗಾಗಲೇ ಮನೆ ಇಟ್ಟುಕೊಂಡು ಇನ್ನೊಂದು ಕೊಳ್ಳುವವರಿಗೆ ಬೆಲೆಯ ಶೇಕಡಾ 5 ಮೇಲೆ ಬಿದ್ದು ಅದು 30,000 ಆಗುತ್ತದೆ. ಇಲ್ಲಿ ನಮ್ಮವರು ಎಡವುವುದು ಎಲ್ಲಿ ಅಂದರೆ, ಲೆಕ್ಕಕ್ಕೆ ಬರುವುದು ಇಂಗ್ಲೆಂಡಿನ ಮನೆ ಮಾತ್ರ ಅಲ್ಲ, ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಸರಿ. ಬೆಂಗಳೂರಿನ ಫ್ಲ್ಯಾಟ್, ಅಪ್ಪ ಬರೆದುಕೊಟ್ಟ ಮನೆ, ಅಣ್ಣತಮ್ಮಂದಿರ ಜೊತೆ ಬಂದ ಪಾಲು, ಸಾಮಾನ್ಯವಾಗಿ ಎಲ್ಲ. ಪಾಲಿನ ಬೆಲೆ 40,000 ಪೌಂಡಿಗಿಂತ ಕಡಿಮೆ ಇದ್ದರೆ ಆ ಹೆಚ್ಚುವರಿ 5 ತಪ್ಪುತ್ತದೆ, ಮೊದಲ ಮನೆಯ ರಿಯಾಯಿತಿ ಮಾತ್ರ ಆಗಲೂ ಸಿಗುವುದಿಲ್ಲ. ಗಂಡನ ಹೆಸರಲ್ಲಿ ಊರಿನ ಮನೆ ಇದೆ, ಇಲ್ಲಿಯದು ಹೆಂಡತಿ ಹೆಸರಲ್ಲಿ ಕೊಂಡರಾಯಿತು ಅನ್ನುವ ಉಪಾಯವೂ ನಡೆಯುವುದಿಲ್ಲ, ಒಟ್ಟಿಗೆ ಬಾಳುವ ದಂಪತಿಯನ್ನು ಹೆಚ್ಚುವರಿ ತೆರಿಗೆಯ ಮಟ್ಟಿಗೆ ಒಂದೇ ಅಂತ ನೋಡುತ್ತಾರೆ. ಖಾಲಿ ಸೈಟಿಗೆ ಈ ತೊಂದರೆ ಇಲ್ಲ. ಏನೇ ಇರಲಿ, ಮೊದಲ ದಿನವೇ ಸಾಲಿಸಿಟರ್‌ಗೆ ಎಲ್ಲ ಹೇಳಿಬಿಡಿ.

ಸಾಲಿಸಿಟರ್ ಅಥವಾ ಲೈಸೆನ್ಸ್ಡ್ ಕನ್ವೇಯನ್ಸರ್ (ಆಸ್ತಿ ವರ್ಗಾವಣೆ ಕೆಲಸಕ್ಕೇ ಪರವಾನಗಿ ಪಡೆದವರು), ಇಬ್ಬರಲ್ಲಿ ಯಾರಾದರೂ ಆದೀತು. ಫೀಸಿನ ಜೊತೆಗೆ ನೋಡಬೇಕಾದ್ದು, ನಿಮ್ಮ ಫೈಲ್ ಯಾರ ಕೈಯಲ್ಲಿರುತ್ತದೆ, ಅವರು ಫೋನ್ ಎತ್ತುತ್ತಾರಾ ಅನ್ನುವುದು. ಅವರು ಕೌನ್ಸಿಲ್ (ಸ್ಥಳೀಯ ಆಡಳಿತ), ನೀರು-ಒಳಚರಂಡಿ, ಪರಿಸರದ ಸರ್ಚ್‌ಗಳನ್ನು, ಅಂದರೆ ದಾಖಲೆ ಪರಿಶೀಲನೆ, ಮಾಡಿಸುತ್ತಾರೆ, ಮಾರುವವರಿಗೆ ಪ್ರಶ್ನೆ ಕಳಿಸುತ್ತಾರೆ. ಮನೆಯನ್ನು ಮಾತ್ರ ಅವರು ಬಂದು ನೋಡುವುದಿಲ್ಲ. ಹಿಂದೆ ಕಟ್ಟಿದ ಎಕ್ಸ್‌ಟೆನ್ಷನ್, ತೆಗೆದ ಗೋಡೆ, ಪಕ್ಕದವರು ಬಳಸುವ ದಾರಿ, ಇಂಥದ್ದು ಕಣ್ಣಿಗೆ ಬಿದ್ದರೆ ನೀವೇ ಬರೆದು ತಿಳಿಸಬೇಕು. ಫ್ಲ್ಯಾಟ್ ಆದರೆ ಲೀಸ್ (ಫ್ಲ್ಯಾಟ್ ನಿಮ್ಮದಾಗಿರುವ ಅವಧಿ) ಎಷ್ಟು ವರ್ಷ ಉಳಿದಿದೆ ಅಂತ ಆಫರ್ ಹಾಕುವ ಮುಂಚೆಯೇ ಕೇಳಿ. 80 ವರ್ಷದ ಹತ್ತಿರ ಬಂದಿದ್ದರೆ ತುಂಬಾ ಯೋಚನೆ ಮಾಡಿ. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಗೆ ಕಟ್ಟುವ ಹಣ) ಹಿಂದಿನ ವರ್ಷಗಳಲ್ಲಿ ಹೇಗೆ ಏರಿದೆ ಅನ್ನುವುದೂ ಅಷ್ಟೇ ಮುಖ್ಯ.

ಡಿಪಾಸಿಟ್ ಎಲ್ಲಿಂದ ಬಂತು ಅನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅಕ್ರಮ ಹಣ ವರ್ಗಾವಣೆ ತಡೆಯುವ ಕಾನೂನಿನಿಂದ ಎಲ್ಲರಿಗೂ ಕೇಳುತ್ತಾರೆ. ಅಪ್ಪಅಮ್ಮ ಊರಿಂದ ಕಳಿಸುವುದಾದರೆ ಇದು ಉಡುಗೊರೆ, ಮನೆಯಲ್ಲಿ ಪಾಲು ಕೇಳುವುದಿಲ್ಲ ಅನ್ನುವ ಪತ್ರ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಜಮೀನು ಮಾರಿದ್ದರೆ ಅದರ ಕಾಗದ ಎಲ್ಲ ಬೇಕಾಗುತ್ತದೆ. ಕಾಗದ ಕನ್ನಡದಲ್ಲಿದ್ದರೆ ಅನುವಾದವನ್ನೂ ಕೇಳಬಹುದು. ಹಣವನ್ನು ಹಲವು ಅಕೌಂಟ್‌ಗಳಲ್ಲಿ ಸುತ್ತಿಸಬೇಡಿ, ಒಂದೇ ದಾರಿಯಲ್ಲಿ ತರಿಸಿ.

ಇನ್ನು ಸರ್ವೇ. ಬ್ಯಾಂಕ್ ಮಾಡಿಸುವ ವ್ಯಾಲ್ಯುಯೇಷನ್ ಬ್ಯಾಂಕಿಗಾಗಿ, ಕೆಲವು ಸಲ ಯಾರೂ ಮನೆಗೆ ಬರದೆ ಕಂಪ್ಯೂಟರಿನಲ್ಲೇ ಮುಗಿಯುತ್ತದೆ. ಅದನ್ನು ಸರ್ವೇ ಅಂದುಕೊಂಡರೆ ಕೆಟ್ಟಿರಿ. ನಿಮ್ಮ ಪರವಾಗಿ ನೋಡಲು ರಿಕ್ಸ್ (RICS, ಸರ್ವೇಯರ್‌ಗಳ ವೃತ್ತಿ ಸಂಸ್ಥೆ) ಸರ್ವೇಯರ್‌ನನ್ನು ನೀವೇ ಗೊತ್ತುಮಾಡಿ. ಈಚಿನ, ಸಾಮಾನ್ಯ ಮನೆಗೆ ಲೆವೆಲ್ 2 (ಮಧ್ಯಮ ಮಟ್ಟದ ಸರ್ವೇ) ಸಾಕು. ಹಳೆಯ ವಿಕ್ಟೋರಿಯನ್ ಮನೆ, ತುಂಬಾ ಬದಲಾಯಿಸಿದ ಮನೆ ಆದರೆ ಅತಿ ವಿವರವಾದ ಲೆವೆಲ್ 3 ಮಾಡಿಸಿ, ಇಲ್ಲಿ ಜುಗ್ಗತನ ಬೇಡ. ಆದರೂ ಅವರು ಕಾರ್ಪೆಟ್ ಕೀಳುವುದಿಲ್ಲ, ವೈರಿಂಗ್ ಪರೀಕ್ಷೆ ಮಾಡುವುದಿಲ್ಲ. ವರದಿಯಲ್ಲಿ ಕೆಂಪು ಬಣ್ಣದ 3 (ಗಂಭೀರ ದೋಷದ ಗುರುತು) ನೋಡಿ ಹೆದರುವ ಬದಲು ಸರ್ವೇಯರ್‌ಗೆ ಫೋನ್ ಮಾಡಿ, ಎಕ್ಸ್‌ಚೇಂಜ್ ಮುಂಚೆ ಯಾವುದನ್ನು ಖಂಡಿತ ನೋಡಿಸಬೇಕು ಅಂತ ಕೇಳಿ. ಬರೆಯದ ಎಷ್ಟೋ ಮಾತು ಫೋನಿನಲ್ಲಿ ಹೇಳುತ್ತಾರೆ. ಗೋಡೆಯಲ್ಲಿ ತೇವ ಅಂದರೆ, ಪುಕ್ಕಟೆ ನೋಡಿಕೊಡುತ್ತೇವೆ ಅನ್ನುವ ಕಂಪನಿ ಬೇಡ. ಅವರ ವ್ಯಾಪಾರವೇ ರಿಪೇರಿ ಮಾರುವುದು, ಅಲ್ವಾ? ಖರ್ಚಿನ ಅಂದಾಜು ಕೈಗೆ ಬಂದ ಮೇಲೆ ಬೆಲೆ ಇಳಿಸಲು ಕೇಳಿ, ಅದರಲ್ಲಿ ಸಂಕೋಚ ಏನಿಲ್ಲ.

ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಬೆಲೆಯ ಶೇಕಡಾ 10 ಕಟ್ಟುತ್ತೀರಿ. ಅಲ್ಲಿಂದ ಹಿಂದೆ ಸರಿದರೆ ಆ ಹಣ ಹೋಯಿತು. ಕಟ್ಟಡದ ವಿಮೆ ಅದೇ ದಿನದಿಂದ ಶುರುವಾಗಲಿ. ಹಣ ಕಳಿಸುವ ಮುಂಚೆ, ನಮ್ಮ ಅಕೌಂಟ್ ನಂಬರ್ ಬದಲಾಗಿದೆ ಅಂತ ಸಾಲಿಸಿಟರ್ ಹೆಸರಲ್ಲಿ ಇಮೇಲ್ ಬಂದರೆ ಅದು ಮೋಸ ಅಂತಲೇ ತಿಳಿಯಿರಿ. ಮೊದಲೇ ನಿಮ್ಮ ಬಳಿ ಇದ್ದ ನಂಬರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಕೀ ಸಿಗುವುದು ಕಂಪ್ಲೀಷನ್ ದಿನ, ಅಂದರೆ ಉಳಿದ ಹಣ ಸಂದಾಯವಾಗಿ ಮನೆ ನಿಮ್ಮದಾಗುವ ದಿನ. ಆಮೇಲೆ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು, ಅದನ್ನು ಸಾಲಿಸಿಟರ್ ನೋಡಿಕೊಳ್ಳುತ್ತಾರೆ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಆಸ್ತಿ ಯಾರದು ಅಂತ ದಾಖಲಿಸುವ ಸರ್ಕಾರಿ ಕಚೇರಿ) ನಿಮ್ಮ ಹೆಸರು ಏರಲು ತಿಂಗಳುಗಳೇ ಹಿಡಿಯಬಹುದು. ಏರಿದ ಮೇಲೆ ಅವರ ಉಚಿತ ಪ್ರಾಪರ್ಟಿ ಅಲರ್ಟ್‌ಗೆ ಸೇರಿಕೊಳ್ಳಿ, ಯಾರಾದರೂ ನಿಮ್ಮ ಮನೆಯ ದಾಖಲೆ ಮುಟ್ಟಲು ಹೊರಟರೆ ಇಮೇಲ್ ಬರುತ್ತದೆ.