ಎಮ್ಯುಲೇಟರ್‌ನಲ್ಲಿ ಗೇಮ್ ಸೇವ್ ಆಗ್ತಿಲ್ವಾ? ಅಡ್ಮಿನ್ ಬಟನ್ ಒತ್ತುವ ಮುಂಚೆ ಓದಿ

ಗಂಗಾವತಿಯಲ್ಲಿ ಹಳೇ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುವುದು ನನ್ನ ಕೆಲಸ. ರೈಸ್ ಮಿಲ್‌ಗಳ ಬಿಲ್ಲಿಂಗ್ ಕಂಪ್ಯೂಟರ್ ಬಿಟ್ಟರೆ ಅಂಗಡಿಗೆ ಜಾಸ್ತಿ ಬರುವವರು ಕಾಲೇಜು ಹುಡುಗರು. ರಜೆ ಬಂತೆಂದರೆ ಒಂದೇ ದೂರು: "ಅಣ್ಣಾ, ಗೇಮ್ ಚಲೋ ಓಡ್ತದ, ಸೇವ್ ಮಾತ್ರ ಆಗವಲ್ದು." ಅಷ್ಟೊತ್ತಿಗೆ ಯಾರದೋ ಮಾತು ಕೇಳಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' (ಪ್ರೋಗ್ರಾಂಗೆ ಸಿಸ್ಟಮ್‌ನ ಮೇಲಿನ ಅಧಿಕಾರ ಕೊಟ್ಟು ಓಡಿಸುವ ಬಟನ್) ಒತ್ತಿಯೇ ಬಂದಿರುತ್ತಾರೆ. ನನಗೆ ತಲೆನೋವು ಶುರುವಾಗುವುದು ಅಲ್ಲಿಂದಲೇ.

ಎಮ್ಯುಲೇಟರ್ ಅಂದರೆ ಗೇಮ್ ಕನ್ಸೋಲ್‌ನ ಗೇಮ್‌ಗಳನ್ನು ಕಂಪ್ಯೂಟರ್‌ನಲ್ಲೋ ಫೋನ್‌ನಲ್ಲೋ ಓಡಿಸುವ ಸಾಫ್ಟ್‌ವೇರ್. ಪ್ಲೇಸ್ಟೇಷನ್ 2 ಗೇಮ್ ಓಡಿಸುವ ಪಿಸಿಎಸ್‌ಎಕ್ಸ್2 ತಗೊಳ್ಳಿ. ಪ್ಲೇಸ್ಟೇಷನ್ 2ರ 8 ಎಂಬಿ ಮೆಮೊರಿ ಕಾರ್ಡ್ ಇಲ್ಲಿ ಬರೀ ಒಂದು ಫೈಲ್. 'ಮೆಮ್‌ಕಾರ್ಡ್ಸ್' ಫೋಲ್ಡರ್‌ನಲ್ಲಿ ಇರುತ್ತದೆ. ಆ ಫೈಲ್‌ಗೆ ಬರೆಯಲು ಆಗದಿದ್ದರೆ ಎಮ್ಯುಲೇಟರ್ ಒಂದು ಎಚ್ಚರಿಕೆ ತೋರಿಸುತ್ತದೆ. ಅದನ್ನು ಪೂರ್ತಿ ಓದಿ, ಸುಮ್ನೆ ಓಕೆ ಒತ್ತಬೇಡಿ. ಅದರಲ್ಲಿ ಎರಡು ಕಾರಣ ಹೇಳಿರುತ್ತಾರೆ. ಒಂದು, ಮುಚ್ಚದೆ ಉಳಿದ ಬೇರೆ ಪಿಸಿಎಸ್‌ಎಕ್ಸ್2 ಅದೇ ಕಾರ್ಡ್ ಹಿಡಿದುಕೊಂಡಿರಬಹುದು. ಇನ್ನೊಂದು, ಆ ಫೋಲ್ಡರ್‌ಗೆ ಬರೆಯಲು ಅನುಮತಿ ಇಲ್ಲದಿರಬಹುದು. ಮೊದಲನೆಯದಕ್ಕೆ ಟಾಸ್ಕ್ ಮ್ಯಾನೇಜರ್ ತೆರೆದು, ಹಿಂದೆ ನೇತಾಡುತ್ತಿರುವ ಹಳೇ ಪಿಸಿಎಸ್‌ಎಕ್ಸ್2 ಮುಚ್ಚಿದರೆ ಸಾಕು.

ಎರಡನೆಯದಕ್ಕೆ ಎಮ್ಯುಲೇಟರ್ ಎಲ್ಲಿದೆ ನೋಡಿ. ಸಿ ಡ್ರೈವ್‌ನ 'ಪ್ರೋಗ್ರಾಂ ಫೈಲ್ಸ್' ಒಳಗಿದ್ದು, ಸೇವ್ ಕೂಡ ಅಲ್ಲೇ ಬರೆಯಲು ಹೋದರೆ ವಿಂಡೋಸ್ ಬಿಡುವುದಿಲ್ಲ. 2007ರಲ್ಲಿ ವಿಸ್ತಾ ಬಂದಾಗಿನಿಂದ ಇದೇ ಕಟ್ಟುಪಾಡು. ಅಡ್ಮಿನ್ ಆಗಿ ಓಡಿಸಿದರೆ ಬರೆಯುತ್ತದೆ, ನಿಜ. ಆದರೆ ಗೇಮ್ ಆಡಲು ಇಡೀ ಸಿಸ್ಟಮ್ ಒಪ್ಪಿಸಿದಂತಾಯಿತು ಅಲ್ವಾ? ಫೈಲ್ ಎಳೆದು ಎಮ್ಯುಲೇಟರ್ ಕಿಟಕಿಗೆ ಹಾಕುವುದೂ ನಿಂತುಹೋಗುತ್ತದೆ.

ಇನ್ನೊಂದು ತಮಾಷೆ ಇದೆ. ಹಳೇ 32-ಬಿಟ್ ಎಮ್ಯುಲೇಟರ್ ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆದೆ ಅಂದುಕೊಂಡರೂ, ವಿಂಡೋಸ್ ಅದನ್ನು ಗುಟ್ಟಾಗಿ 'ವರ್ಚುವಲ್‌ಸ್ಟೋರ್' ಅನ್ನುವ ಫೋಲ್ಡರ್‌ಗೆ ತಿರುಗಿಸಿಬಿಡುವುದುಂಟು. ಅಡ್ಮಿನ್ ಆಗಿ ಓಡಿಸಿದ ದಿನ ಆ ತಿರುವು ಇರುವುದಿಲ್ಲ. ಹಳೇ ಸೇವ್ ಎಲ್ಲಾ ಮಾಯ! ಗಾಬರಿ ಬೇಡ. ನಿಮ್ಮ ಯೂಸರ್ ಫೋಲ್ಡರ್‌ನ 'ಆಪ್‌ಡೇಟಾ', ಅದರೊಳಗೆ 'ಲೋಕಲ್', ಅದರೊಳಗೆ ವರ್ಚುವಲ್‌ಸ್ಟೋರ್ ಹುಡುಕಿ. ಆಪ್‌ಡೇಟಾ ಕಾಣದಿದ್ದರೆ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ.

ಸರಿಯಾದ ದಾರಿ ಎಂದರೆ ಜಾಗ ಬದಲಿಸುವುದು. ಡಿ ಡ್ರೈವ್‌ನಲ್ಲಿ 'ಗೇಮ್ಸ್' ಅಂತ ಫೋಲ್ಡರ್ ಮಾಡಿ, ಅದರೊಳಗೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ ನೋಡಿ. ಯಾವ ತಕರಾರೂ ಬರದೆ ಆಯಿತೆಂದರೆ ಜಾಗ ಚಲೋ ಇದೆ. ಈಗ ಜಿಪ್ ಪೂರ್ತಿ ಬಿಚ್ಚಿ ಎಮ್ಯುಲೇಟರ್ ಅಲ್ಲಿಡಿ. ಜಿಪ್ ಒಳಗಿಂದಲೇ ಓಡಿಸಿದರೆ ಅದು ತಾತ್ಕಾಲಿಕ ಫೋಲ್ಡರ್‌ನಲ್ಲಿ ಓಡುತ್ತದೆ, ಸೇವ್ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಪಿಸಿಎಸ್‌ಎಕ್ಸ್2 ಪಕ್ಕದಲ್ಲಿ 'ಪೋರ್ಟಬಲ್' ಹೆಸರಿನ ಖಾಲಿ ಐಎನ್‌ಐ ಫೈಲ್ (portable.ini), ನಿಂಟೆಂಡೊ ಗೇಮ್ ಓಡಿಸುವ ಡಾಲ್ಫಿನ್‌ಗಾದರೆ ಅದೇ ಹೆಸರಿನ ಟೆಕ್ಸ್ಟ್ ಫೈಲ್ (portable.txt) ಇಟ್ಟರೆ ಸೇವ್, ಸೆಟ್ಟಿಂಗ್ ಎಲ್ಲಾ ಅದೇ ಫೋಲ್ಡರ್‌ನಲ್ಲಿ ಕೂರುತ್ತವೆ. ಹಳೇ ಮೆಮೊರಿ ಕಾರ್ಡ್ ಫೈಲನ್ನು ಕಾಪಿ ಮಾಡಿ ಹಾಕಲು ಮರೆಯಬೇಡಿ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಡಿ ಡ್ರೈವ್ ಕೂಡ ಕೈಕೊಡುತ್ತದೆ. ಸಿ ಮಾತ್ರ ಫಾರ್ಮ್ಯಾಟ್ ಮಾಡಿ ಮಾರಿರುತ್ತಾರೆ, ಡಿಯಲ್ಲಿನ ಫೋಲ್ಡರ್‌ಗಳು ಹಳೇ ಮಾಲೀಕರ ಖಾತೆಯಲ್ಲೇ ಉಳಿದಿರುತ್ತವೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯುರಿಟಿ ನೋಡಿ. ಹೆಸರಿನ ಜಾಗದಲ್ಲಿ 'ಎಸ್-1-5-21' ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಕಂಡರೆ, ಅದು ಸಾಮಾನ್ಯವಾಗಿ ಈಗಿಲ್ಲದ ಖಾತೆ. ಎಡಿಟ್ ಒತ್ತಿ ನಿಮ್ಮ ಹೆಸರು ಸೇರಿಸಿ 'ಮಾಡಿಫೈ' ಟಿಕ್ ಮಾಡಿ. ಅದಕ್ಕೂ ಬಿಡದಿದ್ದರೆ ಅಡ್ವಾನ್ಸ್ಡ್‌ಗೆ ಹೋಗಿ, ಓನರ್ ಪಕ್ಕದ 'ಚೇಂಜ್'ನಲ್ಲಿ ನಿಮ್ಮ ಹೆಸರು ಹಾಕಿ, ಒಳಗಿನ ಫೈಲ್‌ಗಳಿಗೂ ಓನರ್ ಬದಲಿಸುವ ಟಿಕ್ ಹಾಕಿ. ಅಡ್ಮಿನ್ ಅಧಿಕಾರ ಬೇಕಾಗುವುದು ಇಲ್ಲಿ, ಅದೂ ಒಂದೇ ಸಲ. ಗೇಮ್ ಫೋಲ್ಡರ್‌ಗೆ ಮಾತ್ರ ಮಾಡಿ. ಇಡೀ ಸಿ ಡ್ರೈವ್‌ಗೆ ಮಾಡಿಕೊಂಡು ಬಂದವರ ಲ್ಯಾಪ್‌ಟಾಪ್‌ಗೆ ನಾನು ವಿಂಡೋಸ್ ಹೊಸದಾಗಿ ಹಾಕಿಕೊಡುತ್ತೇನೆ, ಬಿಲ್ ಸಮೇತ.

ಪ್ರಾಪರ್ಟೀಸ್‌ನಲ್ಲಿ ಫೋಲ್ಡರ್‌ನ 'ರೀಡ್-ಓನ್ಲಿ' ಚೌಕ ತುಂಬಿದಂತೆ ಕಾಣುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಫೋಲ್ಡರ್‌ಗೆ ಅದು ಲೆಕ್ಕಕ್ಕಿಲ್ಲ. ಆದರೆ ಡಿವಿಡಿಯಿಂದ ಕಾಪಿ ಮಾಡಿದ ಒಂದೊಂದು ಫೈಲ್‌ಗೆ ಆ ಟಿಕ್ ಇದ್ದರೆ ತೆಗೆಯಲೇಬೇಕು.

ಸೇವ್ ಫೈಲ್ 'ಡಾಕ್ಯುಮೆಂಟ್ಸ್'ನಲ್ಲಿದ್ದು ಅದಕ್ಕೆ ಬರೆಯಲು ಆಗದಿದ್ದರೆ ವಿಂಡೋಸ್ ಸೆಕ್ಯುರಿಟಿಯ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' (ಗುರುತಿಲ್ಲದ ಪ್ರೋಗ್ರಾಂ ಫೋಲ್ಡರ್‌ಗೆ ಬರೆಯದಂತೆ ತಡೆಯುವ ಕಾವಲು) ಆನ್ ಇದೆಯಾ ನೋಡಿ. ಅದನ್ನು ಆಫ್ ಮಾಡುವ ಬದಲು ಎಮ್ಯುಲೇಟರನ್ನು ಅನುಮತಿ ಪಟ್ಟಿಗೆ ಸೇರಿಸಿ. ಎಮ್ಯುಲೇಟರ್ ಬೇರೆ ಫೋಲ್ಡರ್‌ಗೆ ಹೋದರೆ ಮತ್ತೆ ಸೇರಿಸಬೇಕು.

ಫೋನ್‌ನಲ್ಲಿ ಪಿಪಿಎಸ್‌ಎಸ್‌ಪಿಪಿ (ಸೋನಿಯ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಯ ಎಮ್ಯುಲೇಟರ್) ಆಡುವವರಿಗೆ ಕಥೆ ಬೇರೆ. ಆಂಡ್ರಾಯ್ಡ್ 11ರಿಂದ ಆ್ಯಪ್‌ಗಳು ಕಂಡಕಂಡಲ್ಲಿ ಬರೆಯುವಂತಿಲ್ಲ. ಫೋಲ್ಡರ್ ಆರಿಸು ಅಂದಾಗ ಸ್ಟೋರೇಜ್‌ನ ಮೂಲವನ್ನೋ ಡೌನ್‌ಲೋಡ್ ಫೋಲ್ಡರನ್ನೋ ಕೊಡಲು ಹೋದರೆ ಆಂಡ್ರಾಯ್ಡ್ ಒಪ್ಪುವುದಿಲ್ಲ. 'ಪಿಎಸ್‌ಪಿ' ಅಂತ ಹೊಸ ಫೋಲ್ಡರ್ ಮಾಡಿ ಅದನ್ನು ಕೊಡಿ. ಆ್ಯಪ್‌ನ ಸ್ವಂತ ಜಾಗ ಆರಿಸಿದ್ದರೆ, ಅನ್‌ಇನ್‌ಸ್ಟಾಲ್ ಮಾಡುವ ಮುಂಚೆ ಸೇವ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆ್ಯಪ್ ಜೊತೆಗೇ ಅವೂ ಅಳಿಸಿಹೋಗುತ್ತವೆ, ಆಮೇಲೆ ಅಂಗಡಿಗೆ ಬಂದರೂ ನಾನು ತೆಗೆದುಕೊಡಲಾರೆ.