ಕಬ್ಬಿಣದ ಹೋಟೆಲನ್ನು ಕಾಗದಕ್ಕೆ ಇಳಿಸಿದ್ದು

"ಎಂತ ಅಳೀತಾ ಇದ್ದೀರಿ ಮಾರಾಯ್ರೆ? ಕೆಡವ್ಲಿಕ್ಕೆ ಬಂದದ್ದಾ?"

ಮುಂಬೈಯ ಫುಟ್‌ಪಾತಿನಲ್ಲಿ ಮೊಣಕಾಲೂರಿ ಟೇಪು ಹಿಡಿದು ಕೂತಿದ್ದೆ. ತಲೆ ಎತ್ತಿ ನೋಡಿದರೆ ಕಪ್ಪು ಕೋಟು ಮಡಚಿ ತೋಳಿಗೆ ಹಾಕಿಕೊಂಡ ಹಿರಿಯರೊಬ್ಬರು. ಟೇಪಿನ ಇನ್ನೊಂದು ತುದಿಯಲ್ಲಿದ್ದ ಗೆಳೆಯನಿಗೆ "ಎಳಿಯೋ ಸರಿಯಾಗಿ" ಅಂತ ನಾನು ಬೈದಿದ್ದು ಅವರ ಕಿವಿಗೆ ಬಿದ್ದಿತ್ತು. ದಕ್ಷಿಣ ಕನ್ನಡದವರು. ಆ ಕಟ್ಟಡದೊಳಗೇ ಅವರ ವಕೀಲಿ ಆಫೀಸು. ಟೇಪು ಹಿಡಿದವರನ್ನು ಕಂಡರೆ ಅಲ್ಲಿನ ಬಾಡಿಗೆದಾರರಿಗೆಲ್ಲ ಎದೆ ಧಸಕ್ ಅನ್ನುತ್ತಿತ್ತು. ಅಳೆಯುವವರು ಬಂದರೆ ಹಿಂದೆಯೇ ನೋಟಿಸು ಬರುತ್ತದೆ ಅಂತ ಅವರ ಲೆಕ್ಕ.

"ಇಲ್ಲ ಸಾರ್, ಚಿತ್ರ ಬರೀಲಿಕ್ಕೆ" ಅಂದೆ. ಅವರು ನಂಬಲಿಲ್ಲ. ಆದರೆ ಚಹಾ ಕುಡಿಸಿದರು.

ನಾನು ಡ್ರಾಫ್ಟ್ಸ್‌ಮನ್. ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಬೇರೆಯವರ ಕಟ್ಟಡಗಳ ನಕ್ಷೆ ಬರೆಯುವುದು ಹೊಟ್ಟೆಪಾಡು. ಭಾನುವಾರ ಬರೆದದ್ದು ಮಾತ್ರ ನನ್ನದು. ಹಾಗೆ ಬರೆದವುಗಳಲ್ಲಿ ನನಗೆ ಜಾಸ್ತಿ ಪಾಠ ಕಲಿಸಿದ್ದು ಕಾಲಾ ಘೋಡಾದ ಈ ಕಟ್ಟಡ. ಈಗಿನ ಹೆಸರು ಎಸ್‌ಪ್ಲನೇಡ್ ಮ್ಯಾನ್ಶನ್. ಹುಟ್ಟಿದಾಗ ವಾಟ್ಸನ್ಸ್ ಹೋಟೆಲ್.

ಅಳೆಯುವ ಮೊದಲು ಕಟ್ಟಡದ ಜಾತಕ ಓದಬೇಕು. ನಾನು ಮೊದಲ ಸಲ ಅದನ್ನು ಮಾಡಲಿಲ್ಲ, ಅದರ ಕಥೆ ಆಮೇಲೆ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಬೊಂಬಾಯಿಯ ಹಳೇ ಕೋಟೆ ಗೋಡೆ ಕೆಡವಿಸಿದ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋಗಿತ್ತು. ನಮ್ಮ ಹತ್ತಿಗೆ ಬಂಗಾರದ ಬೆಲೆ. ಊರಿನ ತುಂಬಾ ದುಡ್ಡು. ಕೋಟೆಯ ಹೊರಗೆ ಎಸ್‌ಪ್ಲನೇಡ್ ಅನ್ನುತ್ತಿದ್ದ ಬಯಲಿನಲ್ಲಿ ಹೊಸ ಸೈಟುಗಳು ಹರಾಜಿಗೆ ಬಂದವು. ಜಾನ್ ವಾಟ್ಸನ್ ಅನ್ನುವ ಬಟ್ಟೆ ವ್ಯಾಪಾರಿ ಅಲ್ಲಿ ಜಾಗ ಹಿಡಿದ. ಮೊದಲು ಅವನಿಗೆ ಬೇಕಿದ್ದದ್ದು ಅಂಗಡಿ, ಆಫೀಸು. ಕೊನೆಗೆ ಕಟ್ಟಿದ್ದು ಐದು ಅಂತಸ್ತಿನ ಹೋಟೆಲ್. 1867ರಲ್ಲಿ ಕೆಲಸ ಶುರು, 1871ಕ್ಕೆ ಅತಿಥಿಗಳು ಒಳಗೆ.

ಡಿಸೈನ್ ಮಾಡಿದವನು ರೋಲಂಡ್ ಮೇಸನ್ ಆರ್ಡಿಶ್. ಆರ್ಕಿಟೆಕ್ಟ್ ಅಲ್ಲ, ಇಂಜಿನಿಯರ್. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದ ದೊಡ್ಡ ಛಾವಣಿಯಲ್ಲಿ, ಅದಕ್ಕೂ ಮೊದಲು ಅಲ್ಲೇ 1851ರ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ಗಾಜು ಕಬ್ಬಿಣದ ಪ್ರದರ್ಶನ ಕಟ್ಟಡದಲ್ಲಿ ಅವನ ಕೈಯಿದೆ. ಸೇತುವೆ ಕಟ್ಟುವವನು ಹೋಟೆಲ್ ಕಟ್ಟಿದರೆ ಹೇಗಿರುತ್ತದೋ ಹಾಗೇ ಇದೆ ಇದು. ಕಂಬ, ತೊಲೆ, ಚೌಕಟ್ಟು ಎಲ್ಲಾ ಇಂಗ್ಲೆಂಡಿನಲ್ಲಿ ತಯಾರು ಮಾಡಿ, ತುಂಡು ತುಂಡಾಗಿ ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದು. ಇವತ್ತಿನ ಭಾಷೆಯಲ್ಲಿ ರೆಡಿಮೇಡ್.

ಈ ಒಂದು ಪದ ನನ್ನ ಎರಡು ತಿಂಗಳ ಭಾನುವಾರಗಳನ್ನು ಉಳಿಸುತ್ತಿತ್ತು, ಮೊದಲೇ ತಲೆಗೆ ಹೋಗಿದ್ದರೆ.

ನಾನು ಶುರು ಮಾಡಿದ್ದು ಸಾಮಾನ್ಯ ಕಲ್ಲಿನ ಕಟ್ಟಡ ಅಳೆದ ಹಾಗೆ. ಎಡ ಮೂಲೆಯಿಂದ ಮೊದಲ ಕಂಬಕ್ಕೆ ಎಷ್ಟು, ಅಲ್ಲಿಂದ ಎರಡನೆಯದಕ್ಕೆ ಎಷ್ಟು, ಹೀಗೆ. ಮನೆಗೆ ಬಂದು ಕೂಡಿದರೆ ಒಟ್ಟು ಉದ್ದಕ್ಕೂ ನನ್ನ ಮೊತ್ತಕ್ಕೂ ತಾಳೆಯೇ ಇಲ್ಲ. ಪ್ರತಿ ಸಲ ಟೇಪು ಎತ್ತಿ ಇಟ್ಟಾಗಲೂ ಚೂರು ತಪ್ಪು ಸೇರುತ್ತದೆ. ಹತ್ತಾರು ಸಲ ಎತ್ತಿಟ್ಟರೆ ತಪ್ಪು ಒಂದು ಗೇಣು. ಆಫೀಸಿನಲ್ಲಿ ಇದನ್ನು ಹುಡುಗರಿಗೆ ನಾನೇ ಹೇಳಿಕೊಡುತ್ತೇನೆ: ಸೊನ್ನೆ ಒಂದೇ ಕಡೆ ಇರಲಿ, ಟೇಪು ಎಳೆದೇ ಇರಲಿ, ಪ್ರತಿ ಕಂಬದ ಹತ್ತಿರ ಓದು ಬರೆದುಕೋ. ಭಾನುವಾರ ನನಗೇ ಮರೆತಿತ್ತು.

ಮತ್ತೆ ಹೋದೆ. ಬೆಳಿಗ್ಗೆ ಆರೂವರೆಗೆ, ಫುಟ್‌ಪಾತಿನಲ್ಲಿ ಜನ ಇಲ್ಲದಾಗ. ಈ ಸಲ ಸೊನ್ನೆ ಕದಲಲಿಲ್ಲ. ಆಗ ಗೊತ್ತಾಯಿತು, ಕಂಬಗಳ ನಡುವಿನ ಅಂತರ ತಿರುಗಿ ತಿರುಗಿ ಅದೇ ಬರುತ್ತಿದೆ. ಬರಲೇಬೇಕು, ಅಲ್ವಾ? ಒಂದೇ ಅಚ್ಚಿನಲ್ಲಿ ಹೊಯ್ದ ತುಂಡುಗಳು. ನಮ್ಮ ಕಡೆ ಹಳೇ ಮನೆ ಎಷ್ಟು ದೊಡ್ಡದು ಅಂತ ಕೇಳಿದರೆ ಚದರಡಿ ಹೇಳುವುದಿಲ್ಲ, ಇಷ್ಟು ಅಂಕಣದ ಮನೆ ಅನ್ನುತ್ತಾರೆ. ಎರಡು ಕಂಬದ ನಡುವೆ ಒಂದು ಅಂಕಣ. ವಾಟ್ಸನ್ಸ್ ಕೂಡ ಅಂಕಣದ ಲೆಕ್ಕದ ಮನೆಯೇ. ಒಂದು ಅಂಕಣವನ್ನು ಬೋಲ್ಟು ಸಮೇತ ಸರಿಯಾಗಿ ಬರೆದರೆ ಮುಖದ ಬಹುಪಾಲು ಬರೆದ ಹಾಗೇ. ಉಳಿದದ್ದು ಎಣಿಕೆ.

ಇದರಿಂದ ಇನ್ನೊಂದು ಉಪಕಾರವಾಯಿತು. ಲೆಕ್ಕ ತಪ್ಪಿದ ಜಾಗದಲ್ಲೆಲ್ಲ ಯಾರೋ ಆಮೇಲೆ ಕೈ ಹಾಕಿದ್ದಾರೆ ಅಂತ ಅರ್ಥ. ಬಾಲ್ಕನಿಗೆ ಗೋಡೆ ಎಬ್ಬಿಸಿ ಕೋಣೆ ಮಾಡಿದ್ದು, ಕಿಟಕಿ ಮುಚ್ಚಿದ್ದು, ಒಂದು ಅಂತಸ್ತನ್ನೇ ಅಟ್ಟ ಹಾಕಿ ಎರಡು ಮಾಡಿದ್ದು, ಎಲ್ಲಾ ನಕ್ಷೆಯಲ್ಲಿ ಬೇರೆ ಪೆನ್ಸಿಲಿನಲ್ಲಿ ಬಂತು. ಮೂಲದ್ದಕ್ಕೆ ಕಪ್ಪು, ಸೇರಿಸಿದ್ದಕ್ಕೆ ಕೆಂಪು. ಕೊನೆಗೆ ನೋಡಿದರೆ ಹಾಳೆ ಕೆಂಪಾಗಿತ್ತು.

ಎತ್ತರಕ್ಕೆ ಏಣಿ ಇಡುವ ಹಾಗಿರಲಿಲ್ಲ. ಎದುರಿನಿಂದ ಫೋಟೊ ತೆಗೆದರೆ ಕಟ್ಟಡ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ, ಅದನ್ನು ನೆಟ್ಟಗೆ ಮಾಡಬಹುದು, ಆದರೂ ನಂಬಿಕೆ ಸಾಲದು. ನನ್ನ ಉಪಾಯ ಮೆಟ್ಟಿಲು. ಒಳಗೆ ಹಳೇ ಮರದ ಮೆಟ್ಟಿಲಿದೆ. ಒಂದು ಅಂತಸ್ತಿಗೆ ಎಷ್ಟು ಮೆಟ್ಟಿಲು ಎಣಿಸಿ, ಹತ್ತು ಮೆಟ್ಟಿಲಿನ ಎತ್ತರ ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿ, ಗುಣಿಸಿದೆ. ಒಂದೇ ಮೆಟ್ಟಿಲು ಅಳೆದು ಗುಣಿಸಬೇಡಿ, ಸವೆದಿರುತ್ತದೆ. ಫೋಟೊದಲ್ಲಿ ಒಂದು ಕಡೆ ಅಳತೆ ಗೊತ್ತಿರುವ ಕೋಲನ್ನು ಗೆಳೆಯನ ಕೈಯಲ್ಲಿ ಕೊಟ್ಟು ನಿಲ್ಲಿಸಿದ್ದೆ. ಎರಡೂ ಲೆಕ್ಕ ಹತ್ತಿರ ಹತ್ತಿರ ಬಂದಾಗ ಸಮಾಧಾನವಾಯಿತು.

ಜೇಬಿನಲ್ಲಿ ಸದಾ ಒಂದು ಆಯಸ್ಕಾಂತ. ಹಳೇ ಕಟ್ಟಡದಲ್ಲಿ ಬಣ್ಣದ ಮೇಲೆ ಬಣ್ಣ ಬಿದ್ದು ಮರ ಯಾವುದು, ಗಾರೆ ಯಾವುದು, ಕಬ್ಬಿಣ ಯಾವುದು ತಿಳಿಯುವುದಿಲ್ಲ. ಆಯಸ್ಕಾಂತ ಹಚ್ಚಿದರೆ ಮುಗಿಯಿತು. ಅದು ಇಷ್ಟು ಹೇಳುತ್ತದೆ, ಯಾವ ಕಬ್ಬಿಣ ಅಂತ ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು. ಬೀಡು ಅಂದರೆ ಎರಕದ ಕಬ್ಬಿಣ. ಮೈ ಸ್ವಲ್ಪ ಒರಟು, ಅಚ್ಚಿನ ಎರಡು ಭಾಗ ಕೂಡಿದ ಗೆರೆ ಕಾಣುತ್ತದೆ, ಅಲಂಕಾರ ಎಲ್ಲಾ ಕಡೆ ಒಂದೇ ಥರ. ಮೆದು ಕಬ್ಬಿಣದ ತೊಲೆ ಹಾಗಲ್ಲ. ಪಟ್ಟಿ ಪಟ್ಟಿ ಸೇರಿಸಿ ರಿವೆಟ್ ಹೊಡೆದಿರುತ್ತಾರೆ. ತುಕ್ಕು ಹಿಡಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರು ಪದರಾಗಿ ಏಳುತ್ತದೆ. ಬೀಡು ಎಷ್ಟು ಒತ್ತಿದರೂ ತಡೆಯುತ್ತದೆ, ಎಳೆದರೆ ಬಾಗಿದರೆ ಮುರಿಯುತ್ತದೆ. ಅದಕ್ಕೇ ಕಂಬ ಬೀಡಿನದು, ತೊಲೆ ಮೆದು ಕಬ್ಬಿಣದ್ದು. ಉಕ್ಕು ಇನ್ನೂ ಕಟ್ಟಡಕ್ಕೆ ಹೊಂದುವಷ್ಟು ಅಗ್ಗವಾಗಿರಲಿಲ್ಲ.

ಇನ್ನು ನನ್ನ ದೊಡ್ಡ ತಪ್ಪು. ಮೊದಲ ನಕ್ಷೆಯಲ್ಲಿ ಹೊರಗೋಡೆಯನ್ನು ದಪ್ಪಗೆ, ಕರ್ರಗೆ ತುಂಬಿಬಿಟ್ಟಿದ್ದೆ. ಭಾರ ಹೊರುವ ಗೋಡೆಯನ್ನು ಹಾಗೇ ತೋರಿಸುವುದು ರೂಢಿ. ಕಂಬಗಳು ಬರೀ ಅಂದಕ್ಕೆ ಅಂದುಕೊಂಡಿದ್ದೆ. ಒಂದು ದಿನ ಮೇಲಿನ ಪಡಸಾಲೆಯಲ್ಲಿ ಗಾರೆ ಬಿದ್ದ ಜಾಗ ಕಂಡಿತು. ಕಿಟಕಿಯ ಕೆಳಗೆ ಇಟ್ಟಿಗೆ ಕಿತ್ತುಹೋಗಿ ತೂತು. ಅದರ ಮೇಲಿನ ತೊಲೆ ಮಾತ್ರ ಜಗ್ಗಿಲ್ಲ, ಬಿರುಕಿಲ್ಲ. ಎರಡು ಬದಿಯ ಕಂಬಕ್ಕೆ ಬೋಲ್ಟಾಗಿ ತನ್ನ ಪಾಡಿಗೆ ಕೂತಿದೆ. ಅಂದರೆ ಇಟ್ಟಿಗೆ ಏನನ್ನೂ ಹೊತ್ತಿಲ್ಲ. ಅದನ್ನೇ ಚೌಕಟ್ಟು ಹೊತ್ತಿದೆ! ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇವತ್ತು ನಾವು ಕಟ್ಟುವ ಅಪಾರ್ಟ್‌ಮೆಂಟುಗಳೆಲ್ಲ ಹೀಗೇ ಅಲ್ವಾ? ಕಂಬ ತೊಲೆ ಮೊದಲು, ಗೋಡೆ ಆಮೇಲೆ, ಸುಮ್ನೆ ಮರೆಗೆ. ಗಗನಚುಂಬಿಗಳ ಅಜ್ಜ ಅನ್ನಿಸಿಕೊಂಡ ಶಿಕಾಗೊದ ಹೋಮ್ ಇನ್ಶೂರೆನ್ಸ್ ಕಟ್ಟಡ ಮುಗಿದದ್ದು 1885ರಲ್ಲಿ. ಇದು ಅದಕ್ಕಿಂತ ಹದಿನಾಲ್ಕು ವರ್ಷ ಮೊದಲೇ ಅತಿಥಿಗಳನ್ನು ಮಲಗಿಸಿತ್ತು. ಇಂಗ್ಲೆಂಡಿನ ಶೀರ್ನೆಸ್ ನೌಕಾನೆಲೆಯಲ್ಲಿ 1860ರ ಕಬ್ಬಿಣದ ಚೌಕಟ್ಟಿನ ಕಟ್ಟಡವೊಂದಿದೆ. ಆದರೆ ಅದು ದೋಣಿಗಳ ಗೋದಾಮು. ಮನುಷ್ಯರು ಇರಲು ಇಂಥದ್ದನ್ನು ಕಟ್ಟಿದ ಮೊದಲಿಗರಲ್ಲಿ ವಾಟ್ಸನ್ ಒಬ್ಬ. ನಾನು ಮನೆಗೆ ಬಂದು ಆ ಕರ್ರಗಿನ ಗೋಡೆಗಳನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದೆ. ಟ್ರೇಸಿಂಗ್ ಪೇಪರ್ ಎರಡು ಕಡೆ ಹರಿಯಿತು.

ಕಥೆಗಳಿಗೆ ಇಲ್ಲಿ ಬರವಿಲ್ಲ. 1896ರ ಜನವರಿಯಲ್ಲಿ ಮಾರ್ಕ್ ಟ್ವೇನ್ ಬಂದಿದ್ದ, ಇಲ್ಲಿನ ಕಾಗೆಗಳ ಕಾಟದ ಬಗ್ಗೆ ಬರೆದ. ಕಾಗೆಗಳು ಇನ್ನೂ ಹಾಗೇ ಇವೆ, ನನ್ನ ಇಡ್ಲಿ ಪೊಟ್ಟಣವನ್ನೇ ಎತ್ತಿಕೊಂಡು ಹೋದವು. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲ ಸಲ ತೋರಿಸಿದ್ದು ಇಲ್ಲೇ. ಟಿಕೆಟ್ ಒಂದು ರೂಪಾಯಿ. ಇನ್ನೊಂದು ಕಥೆ ಎಲ್ಲರ ಬಾಯಲ್ಲೂ ಇದೆ: ಜಮ್‌ಶೆಟ್‌ಜಿ ಟಾಟಾ ಅವರನ್ನು ಇಲ್ಲಿ ಒಳಗೆ ಬಿಡಲಿಲ್ಲ, ಆ ಸಿಟ್ಟಿಗೆ ತಾಜ್ ಹೋಟೆಲ್ ಕಟ್ಟಿಸಿದರು ಅಂತ. ವಾಟ್ಸನ್ಸ್ ಬಿಳಿಯರಿಗೆ ಮಾತ್ರ ಅನ್ನುವುದು ನಿಜ. ಆದರೆ ಸಿಟ್ಟಿನ ಕಥೆಯನ್ನು ಇತಿಹಾಸಕಾರರು ಅಷ್ಟಾಗಿ ಒಪ್ಪುವುದಿಲ್ಲ. 1896ರ ಪ್ಲೇಗಿನಿಂದ ಕಂಗೆಟ್ಟ ಊರಿಗೆ ಮತ್ತೆ ಜನ ಬರುವಂತಾಗಲಿ ಅನ್ನುವ ಆಸೆಯೇ ನನಗೆ ಹೆಚ್ಚು ನಂಬುವಂತೆ ಕಾಣುತ್ತದೆ. 1903ರಲ್ಲಿ ತಾಜ್ ಬಾಗಿಲು ತೆರೆದ ಮೇಲೆ ಇದರ ಕಳೆ ಇಳಿಯಿತು ಅನ್ನುವುದರಲ್ಲಿ ಮಾತ್ರ ತಕರಾರಿಲ್ಲ.

ಆಮೇಲೆ ಹೋಟೆಲ್ ಹೋಯಿತು, ಕೋಣೆಗಳು ಒಡೆದು ಮನೆಗಳಾದವು, ಆಫೀಸುಗಳಾದವು. ಹತ್ತಿರದಲ್ಲೇ ಸೆಷನ್ಸ್ ಕೋರ್ಟು, ಹಾಗಾಗಿ ವಕೀಲರು ಬಂದು ಸೇರಿಕೊಂಡರು. ಬಾಡಿಗೆ ಏರಿಸಲು ಬಿಡದ ಕಾಯ್ದೆ ಇತ್ತು, ಮಾಲೀಕರಿಗೆ ರಿಪೇರಿಗೆ ಕೈಯಿಂದ ಹಾಕುವ ಮನಸ್ಸಿಲ್ಲ, ಬಾಡಿಗೆದಾರರಿಗೆ ಬಿಟ್ಟು ಹೋಗುವ ಮನಸ್ಸಿಲ್ಲ. ಮುಂಬೈಯ ಎಷ್ಟೋ ಹಳೇ ಕಟ್ಟಡಗಳ ಹಣೆಬರಹ ಇದೇ. ಮಳೆ ನೀರು ಕಟ್ಟಿದ ಮೋರಿಯಿಂದ ಇಳಿದು ತೊಲೆಯ ತುದಿ ಸೇರುತ್ತದೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಉಬ್ಬಿ ಸುತ್ತಲಿನ ಇಟ್ಟಿಗೆಯನ್ನು ಸೀಳುತ್ತದೆ. ಸೀಳಿದಲ್ಲಿ ಮತ್ತಷ್ಟು ನೀರು. 2005ರ ಜೂನ್‌ನಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನುವ, ಹಳೇ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇದನ್ನು ಅಪಾಯದಲ್ಲಿರುವ 100 ತಾಣಗಳ ಪಟ್ಟಿಗೆ ಸೇರಿಸಿತು. ಜುಲೈ 1ಕ್ಕೆ ಪಶ್ಚಿಮದ ಮುಖದ ಒಂದು ಭಾಗ ಕುಸಿದು ಒಬ್ಬರು ಸತ್ತರು.

ನಾನು ಅಳೆಯುತ್ತಿದ್ದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಬಾಲ್ಕನಿಗೆ ಕಾಲಿಡಬಾರದು ಅಂತ ನಾನೇ ಒಂದು ನಿಯಮ ಹಾಕಿಕೊಂಡಿದ್ದೆ. ಹಳೇ ಕಟ್ಟಡ ಅಳೆಯಲು ಹೊರಡುವವರಿಗೆ ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಗೋಡೆ ಹತ್ತಿರ ನಡೆಯಿರಿ, ನಡುವೆ ಬೇಡ, ಒಬ್ಬರೇ ಹೋಗಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ತಪ್ಪಿದ ಅಳತೆಯನ್ನು ಮುಂದಿನ ವಾರ ತೆಗೆದುಕೊಳ್ಳಬಹುದು.

ಆದರೆ ನನ್ನ ಒಂದು ಅಳತೆಗೆ ಮುಂದಿನ ವಾರ ಬರಲೇ ಇಲ್ಲ. ಕಟ್ಟಡದ ನಡುವೆ ಒಂದು ದೊಡ್ಡ ಅಂಗಳ, ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ. ಹೋಟೆಲ್ ಇದ್ದಾಗ ಅದರ ಮೇಲೆ ಗಾಜಿನ ಮಾಡು, ಕೆಳಗೆ ನೃತ್ಯದ ಹಾಲು. ಆ ಮಾಡಿನ ಅಳತೆಗೆ ತಾರಸಿಗೆ ಹೋಗಬೇಕಿತ್ತು. ಬೀಗದ ಕೈ ಇದ್ದವರು ಇವತ್ತು ನಾಳೆ ಅನ್ನುತ್ತಾ ಬಂದರು. ನಾನೂ ಆಫೀಸು, ಮಳೆ, ಊರಿನ ಮದುವೆ ಅಂತ ಮುಂದಕ್ಕೆ ಹಾಕಿದೆ. 2019ರಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿದರು. ಐಐಟಿ ಬಾಂಬೆಯ ವರದಿ ಕೆಡವುವುದೇ ಸರಿ ಅಂದಿತು, ಪರಂಪರೆ ಕಟ್ಟಡಗಳ ತಜ್ಞರು ಒಪ್ಪಲಿಲ್ಲ. ನನ್ನನ್ನು ಕೇಳಿದರೆ, ತುಂಡು ತುಂಡಾಗಿ ಬಂದು ಜೋಡಿಸಿಕೊಂಡ ಕಟ್ಟಡವನ್ನು ತುಂಡು ತುಂಡಾಗಿಯೇ ಸರಿ ಮಾಡಬಹುದು. ಕೆಟ್ಟ ತೊಲೆ ಬಿಚ್ಚಿ ಹೊಸದು ಹಾಕಿ. ಕಲ್ಲಿನ ಕಟ್ಟಡದಲ್ಲಿ ಇಷ್ಟು ಸುಲಭವಿಲ್ಲ.

ನನ್ನ ಹಾಳೆಯಲ್ಲಿ ಗಾಜಿನ ಮಾಡು ಇರಬೇಕಾದಲ್ಲಿ ಚುಕ್ಕಿ ಗೆರೆ ಇದೆ, ಪಕ್ಕದಲ್ಲಿ "ಅಳೆದಿಲ್ಲ" ಅಂತ ಬರೆದಿದ್ದೇನೆ.

ಖಾಲಿಯಾದ ಮೇಲೆ ಆ ವಕೀಲರು ಫೋನ್ ಮಾಡಿದ್ದರು. ಆಫೀಸು ಬೇರೆ ಕಡೆ ಸಿಕ್ಕಿದೆಯಂತೆ, ಲಿಫ್ಟ್ ಇದೆಯಂತೆ. "ಆ ನಿಮ್ಮ ಚಿತ್ರದ ಒಂದು ಕಾಪಿ ಕೊಡ್ಲಿಕ್ಕೆ ಆಗ್ತದಾ? ಗೋಡೆಗೆ ಹಾಕುವ ಅಂತ." ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಕೊಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದರು. ಎರಡನೇ ಮಹಡಿ, ಎಡದಿಂದ ಆರನೇ ಅಂಕಣ. ಅವರ ಕಿಟಕಿ. ಅಲ್ಲಿ ಅವರೇ ಹಾಕಿಸಿದ್ದ ಶೀಟಿನ ಮಾಡನ್ನು ನಾನು ಕೆಂಪಿನಲ್ಲಿ ಬರೆದಿದ್ದೆ.

"ಇದನ್ನೂ ಹಾಕಿದ್ರಾ ಮಾರಾಯ್ರೆ" ಅಂತ ನಕ್ಕರು.