ಭಾಷಾವಿಜ್ಞಾನ ಓದಲು ಹೊರದೇಶಕ್ಕೆ: ನಾನು ಹೋದ ದಾರಿ

ಭಾಷಾವಿಜ್ಞಾನ ಓದಲು ಹೊರಗೆ ಹೋಗಬೇಕು ಅಂತಿರುವವರು ಮೊದಲು ರ‍್ಯಾಂಕಿಂಗ್ ಪಟ್ಟಿಯನ್ನು ಪಕ್ಕಕ್ಕಿಡಬೇಕು. ಬೇರೆ ವಿಷಯಗಳಿಗೆ ಅದು ಒಂದಿಷ್ಟು ಉಪಯೋಗಕ್ಕೆ ಬರಬಹುದು. ನಮ್ಮ ವಿಷಯದಲ್ಲಿ ಅದು ದಾರಿ ತಪ್ಪಿಸುವುದೇ ಜಾಸ್ತಿ. ಬೋರ್ಡಿನ ಮೇಲೆ ಎಲ್ಲ ಕಡೆಯೂ ಒಂದೇ ಹೆಸರು, ಒಳಗೆ ನಡೆಯುವ ಕೆಲಸ ಮಾತ್ರ ಬೇರೆ ಬೇರೆ.

ಅಮೆರಿಕದ ಎಂಐಟಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್, ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಇಂಥ ಕಡೆ ಥಿಯರಿಯದೇ ಕಾರುಬಾರು. ವಾಕ್ಯ ಹೇಗೆ ಕಟ್ಟಿಕೊಳ್ಳುತ್ತದೆ, ಅರ್ಥ ಹೇಗೆ ಹುಟ್ಟುತ್ತದೆ ಅನ್ನುವುದು ಅಲ್ಲಿನ ಪ್ರಶ್ನೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅಂದರೆ ವಿಲಿಯಂ ಲೆಬಾವ್ ಬೆಳೆಸಿದ ಸಮಾಜಭಾಷಾವಿಜ್ಞಾನ: ಯಾವ ಜನ, ಯಾವ ಸಂದರ್ಭದಲ್ಲಿ, ಒಂದೇ ಮಾತನ್ನು ಹೇಗೆ ಬೇರೆ ಥರ ಆಡುತ್ತಾರೆ ಎಂಬುದು. ಮೇರಿಲ್ಯಾಂಡ್‌ನಲ್ಲಿ ಮಕ್ಕಳು ಭಾಷೆ ಕಲಿಯುವ ಬಗೆಯ ಮೇಲೆ ಪ್ರಯೋಗಗಳು ನಡೆಯುತ್ತವೆ. ಹವಾಯಿಯ ಮನೋವಾದಲ್ಲಿ ಅಳಿಯುತ್ತಿರುವ ಭಾಷೆಗಳನ್ನು ದಾಖಲಿಸುವ ಕೆಲಸ. ನೆದರ್ಲೆಂಡ್ಸ್‌ನ ಲೈಡನ್‌ಗೆ ಭಾಷೆಗಳ ಚರಿತ್ರೆಯಲ್ಲಿ ದೊಡ್ಡ ಹೆಸರು. ಸಿಂಟ್ಯಾಕ್ಸ್ (ವಾಕ್ಯರಚನೆಯ ಅಧ್ಯಯನ) ಹುಚ್ಚು ಹಿಡಿದವರು ಬರೀ ಹೆಸರು ನೋಡಿ ಪ್ರಯೋಗಶಾಲೆಯ ವಿಭಾಗಕ್ಕೆ ಹೋದರೆ, ಅಲ್ಲಿ ಅವರ ಪ್ರಶ್ನೆಗೆ ಕಿವಿ ಕೊಡುವವರೇ ಸಿಗದೆ ಹೋಗಬಹುದು.

ಹಳೆಯ ಕೀರ್ತಿಯನ್ನು ನಂಬಿ ಹೋಗುವುದೂ ಬೇಡ. ಥಾಮಸ್ ಬರೋ ಜೊತೆ ಸೇರಿ ದ್ರಾವಿಡ ಭಾಷೆಗಳ ನಿಘಂಟು ಮಾಡಿದ ವಿದ್ವಾಂಸ ಎಮಿನೋ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಆದರೆ ಆ ನಿಘಂಟು ಬಂದದ್ದು 1961ರಲ್ಲಿ. ಅರ್ಜಿ ಹಾಕುವವರಿಗೆ ಬೇಕಾದದ್ದು, ಈಗ ಅಲ್ಲಿ ಯಾರಿದ್ದಾರೆ, ಮುಂದಿನ ಐದು ವರ್ಷ ಯಾರಿರುತ್ತಾರೆ ಅನ್ನುವುದು.

ನಾನು ಓದಿದ್ದು ಎಂಜಿನಿಯರಿಂಗ್. ಭಾಷಾವಿಜ್ಞಾನದ ಪದವಿ ಇರಲಿಲ್ಲ. ಎಂಐಟಿಯವರು ಓಪನ್‌ಕೋರ್ಸ್‌ವೇರ್‌ನಲ್ಲಿ ಬಿಟ್ಟಿಯಾಗಿ ಹಾಕಿರುವ ಪರಿಚಯ ಕೋರ್ಸಿನ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸುತ್ತಾ ಕಲಿತೆ. ಹೌದು, ಲೆಕ್ಕ ಎಂದೇ ಅನ್ನಬೇಕು. ಗೊತ್ತಿಲ್ಲದ ಒಂದು ಭಾಷೆಯ ಹತ್ತಿಪ್ಪತ್ತು ಪದ ಕೊಟ್ಟು, ಬಹುವಚನ ಮಾಡುವ ನಿಯಮ ಕಂಡುಹಿಡಿ ಅಂತಾರೆ. ಅದು ಮಜಾ ಅನಿಸಿದರೆ ಈ ವಿಷಯ ನಿಮಗೆ ಒಗ್ಗುತ್ತದೆ. ‘ಭಾಷೆ ಅಂದರೆ ನನಗೆ ಪ್ರೀತಿ’ ಅನ್ನುವುದೊಂದೇ ಕಾರಣವಾದರೆ ಸಾಹಿತ್ಯ ಓದುವುದು ವಾಸಿ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಮೊದಲ ವರ್ಷವೇ ಬೇಸತ್ತು ಹೋದವರನ್ನು ಕಂಡಿದ್ದೇನೆ.

ವಿಭಾಗ ಹುಡುಕುವಾಗ ನಾನು ವೆಬ್‌ಸೈಟಿನ ಚಂದದ ಪುಟಗಳನ್ನು ಬಿಟ್ಟು, ಅಲ್ಲಿಂದ ಇತ್ತೀಚೆಗೆ ಬಂದ ಪಿಎಚ್‌ಡಿ ಪ್ರಬಂಧಗಳ ಹೆಸರು ಓದುತ್ತಿದ್ದೆ. ಯಾವ ಪ್ರಾಧ್ಯಾಪಕರ ಕೈಕೆಳಗೆ ಯಾರು ಏನು ಬರೆದರು, ಆಮೇಲೆ ಎಲ್ಲಿಗೆ ಹೋದರು ಎಂದು ಹುಡುಕಿದರೆ ವಿಭಾಗದ ನಿಜವಾದ ಮುಖ ಕಾಣುತ್ತದೆ. ಥಿಯರಿಯವರ ಹೊಸ ಲೇಖನಗಳು ಲಿಂಗ್‌ಬಝ್ ಎಂಬ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಒಬ್ಬರ ಎರಡು ಮೂರು ಲೇಖನ ಓದಿ, ಅದರಲ್ಲಿ ನನಗೆ ಬಿಡಿಸಲಾಗದ ಒಂದು ಪ್ರಶ್ನೆ ಸಿಕ್ಕಿದರೆ ಮಾತ್ರ ಅವರಿಗೆ ಇಮೇಲ್ ಬರೆಯುತ್ತಿದ್ದೆ. ನಾಲ್ಕೇ ಸಾಲು. ಸುಮ್ನೆ ‘ನಿಮ್ಮ ಕೆಲಸ ಬಹಳ ಇಷ್ಟ, ಸೀಟು ಇದೆಯೇ’ ಅಂತ ಕೇಳಿದರೆ ಉತ್ತರ ಬರುವುದು ಅಪರೂಪ. ಬಂದರೂ ‘ಅರ್ಜಿ ಹಾಕಿ’ ಅಂತಲೇ.

ಇನ್ನು ದುಡ್ಡಿನ ಲೆಕ್ಕ. ಅಮೆರಿಕದಲ್ಲಿ ಎಂಎ ಇಲ್ಲದೆಯೂ ನೇರವಾಗಿ ಪಿಎಚ್‌ಡಿಗೆ ಸೇರಬಹುದು. ಒಳ್ಳೆಯ ವಿಭಾಗಗಳು ಸುಮಾರು ಐದು ವರ್ಷ ಫೀಸು ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತವೆ. ಅದಕ್ಕೆ ಬದಲಾಗಿ ಟಿಎ (ಬೋಧನಾ ಸಹಾಯಕ) ಕೆಲಸ ಮಾಡಬೇಕು. ಅಲ್ಲಿನ ಎಂಎಗೆ ಮಾತ್ರ ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು. ಬ್ರಿಟನ್‌ನಲ್ಲಿ ಮಾಸ್ಟರ್ಸ್ ಒಂದೇ ವರ್ಷ. ಬೇಗ ಮುಗಿಯುತ್ತದೆ ನಿಜ, ಆದರೆ ಕಾಲೂರುವ ಮೊದಲೇ ಪ್ರಬಂಧ ಬರೆಯುವ ಹೊತ್ತು ಬಂದಿರುತ್ತದೆ. ಹೊರಗಿನವರಿಗೆ ಫೀಸೂ ಜಾಸ್ತಿ. ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇಟ್ಟಿತು. ಭಾಷಾವಿಜ್ಞಾನಕ್ಕೆ ಹೆಸರಾದ ಟ್ಯೂಬಿಂಗನ್, ಕಾನ್‌ಸ್ಟಾನ್ಸ್ ಎರಡೂ ಅದೇ ರಾಜ್ಯದಲ್ಲಿವೆ, ಇದನ್ನು ಗಮನಿಸಿ. ಯುರೋಪಿನ ಪಿಎಚ್‌ಡಿಯ ರೀತಿಯೇ ಬೇರೆ. ಹಲವು ಕಡೆ ಅದೊಂದು ಸಂಬಳದ ಕೆಲಸ. ಪ್ರಾಜೆಕ್ಟಿಗೆ ಜನ ಬೇಕು ಎಂದು ಜಾಹೀರಾತು ಬರುತ್ತದೆ, ಮಾಸ್ಟರ್ಸ್ ಮುಗಿಸಿದವರು ಅರ್ಜಿ ಹಾಕುತ್ತಾರೆ. ಪ್ರಶ್ನೆ ಮೊದಲೇ ಗೊತ್ತಾಗಿರುತ್ತದೆ, ನೀವು ಅದಕ್ಕೆ ಹೊಂದಿಕೊಳ್ಳಬೇಕು. ನನ್ನ ಪ್ರಶ್ನೆ ಏನು ಅಂತ ನನಗೇ ಇನ್ನೂ ಖಚಿತವಿರಲಿಲ್ಲ. ಎರಡು ವರ್ಷ ಕ್ಲಾಸುಗಳಲ್ಲಿ ಕೂತು ಹುಡುಕಿಕೊಳ್ಳಲು ಬಿಡುವ ಅಮೆರಿಕದ ಕ್ರಮ ಹಿಡಿಸಿತು.

ಅರ್ಜಿಯಲ್ಲಿ ನಿಜವಾಗಿ ತೂಕವಿರುವುದು ನಾವೇ ಬರೆದು ಕಳಿಸುವ ಲೇಖನಕ್ಕೆ, ಅಂದರೆ ರೈಟಿಂಗ್ ಸ್ಯಾಂಪಲ್‌ಗೆ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಎಷ್ಟೋ ವಿಭಾಗಗಳು ಕೈಬಿಟ್ಟಿವೆ. ಅಂಕಪಟ್ಟಿಯನ್ನು ನೋಡುತ್ತಾರೆ, ಆದರೆ ನನ್ನಂಥವರ ಅಂಕಪಟ್ಟಿಯಲ್ಲಿ ಇರುವುದು ಥರ್ಮೋಡೈನಮಿಕ್ಸ್. ಈ ಮನುಷ್ಯನಿಗೆ ಭಾಷೆಯನ್ನು ಬಿಡಿಸಿ ನೋಡಲು ಬರುತ್ತದೋ ಇಲ್ಲವೋ ಅನ್ನುವುದು ಸ್ಯಾಂಪಲ್‌ನಲ್ಲೇ ತಿಳಿಯಬೇಕು.

ನಾನು ಹಿಡಿದದ್ದು ‘ಪುಸ್ತಕ ಗಿಸ್ತಕ’, ‘ಬಾಗಿಲು ಗೀಗಿಲು’ ಥರದ ಮಾತನ್ನು. ದಿನಾ ಆಡುತ್ತೇವೆ. ಮೊದಲ ಅಕ್ಷರ ತೆಗೆದು ‘ಗಿ’ ಹಾಕಿದರೆ ಆಯಿತು, ಅಲ್ವಾ? ಪಟ್ಟಿ ಮಾಡುತ್ತಾ ಕೂತರೆ ಅಷ್ಟು ಸಲೀಸಲ್ಲ. ಪುಸ್ತಕಕ್ಕೆ ಗಿಸ್ತಕ, ಬಾಗಿಲಿಗೆ ಗೀಗಿಲು, ಹಾಳೆಗೆ ಗೀಳೆ. ಸ್ವರ ಬದಲಾಯಿತು, ಅದರ ಉದ್ದ ಮಾತ್ರ ಹಾಗೇ ಉಳಿಯಿತು. ‘ಗಿ’ ಅನ್ನುವುದು ಹೊರಗಿನಿಂದ ಅಂಟಿಸುವ ತುಂಡಾದರೆ, ಮೂಲ ಪದದ ಸ್ವರ ಉದ್ದವೋ ಗಿಡ್ಡವೋ ಅದಕ್ಕೆ ಹೇಗೆ ತಿಳಿಯಿತು? ಅಂದರೆ ಸ್ವರದ ಗುಣ ಬೇರೆ, ಉದ್ದ ಬೇರೆ, ಎರಡನ್ನೂ ನಮ್ಮ ತಲೆ ಬೇರೆ ಬೇರೆಯಾಗಿ ಇಟ್ಟುಕೊಂಡಿದೆ ಅನ್ನಬೇಕಾಗುತ್ತದೆ. ಫೋನಾಲಜಿಯ (ಭಾಷೆಯ ಧ್ವನಿವ್ಯವಸ್ಥೆಯ ಅಧ್ಯಯನ) ದೊಡ್ಡ ವಾದವೊಂದಕ್ಕೆ ಇದು ಸೀದಾ ಬಂದು ಸೇರುತ್ತದೆ.

ಈ ಬಗ್ಗೆ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 2001ರಲ್ಲೇ ಲೇಖನ ಬರೆದಿದ್ದರು. ಬಾಗಿಲು ಗೀಗಿಲು ಅವರ ಉದಾಹರಣೆಯೇ. ‘ಬಾಗಿಲು ಮುಚ್ಚಿದೆ ಗೀಗಿಲು ಮುಚ್ಚಿದೆ ಅಂತ ಹೇಳಬೇಡ’ ಎಂದಾಗ ‘ಮುಂತಾದ್ದು’ ಎಂಬ ಅರ್ಥ ಬಾಗಿಲಿಗಷ್ಟೇ ನಿಲ್ಲುವುದಿಲ್ಲ, ಬಾಗಿಲು ಮುಚ್ಚುವ ಇಡೀ ಕೆಲಸಕ್ಕೆ ಹಬ್ಬುತ್ತದೆ ಎಂದು ಅವರು ತೋರಿಸಿದ್ದರು. ಯಾರೋ ಮೊದಲೇ ಬರೆದಿದ್ದಾರೆ ಅಂತ ಗೊತ್ತಾದಾಗ ವಿಷಯ ಬಿಟ್ಟುಬಿಡುವವರಿದ್ದಾರೆ. ಬಿಡಬಾರದು. ಮೊದಲೇ ಲೇಖನವಿದ್ದರೆ ವಾದ ಮಾಡಲು ಒಬ್ಬರು ಸಿಕ್ಕ ಹಾಗೆ. ನಾನು ‘ಗಿ’ಯಿಂದಲೇ ಶುರುವಾಗುವ ಪದಗಳನ್ನು ತೆಗೆದುಕೊಂಡೆ: ಗಿಡ, ಗಿಳಿ, ಗಿರಾಕಿ. ‘ಗಿಡ ಗಿಡ’ ಅಂದರೆ ಒಂದೊಂದು ಗಿಡವೂ ಎಂದಾಗಿಬಿಡುತ್ತದೆ, ಬೇಕಾದ ಅರ್ಥ ಬರುವುದಿಲ್ಲ. ನನ್ನ ಬಾಯಿಗೆ ‘ಗಿಡ ಗಂಟಿ’ ಬರುತ್ತದೆ, ಅಂದರೆ ನಿಯಮವನ್ನು ಬಿಟ್ಟು ಸಿದ್ಧವಾಗಿದ್ದ ಜೋಡಿಗೆ ಹಾರಿದ್ದೇನೆ. ಗಿಳಿಗೆ ಅಂಥ ಜೋಡಿಯೂ ಇಲ್ಲ. ಗೊತ್ತಿದ್ದವರನ್ನೆಲ್ಲ ಕೇಳಿದೆ. ಕೆಲವರು ಬೇರೆ ಅಕ್ಷರ ತಂದರು, ಕೆಲವರು ‘ಗಿಳಿ ಅಂಥದ್ದೆಲ್ಲ’ ಎಂದು ಜಾರಿಕೊಂಡರು. ಆ ಜಾರುವಿಕೆಯೇ ನನ್ನ ಸ್ಯಾಂಪಲ್‌ನ ತಿರುಳು. ಜೋಡಿಯ ಎರಡು ತುಂಡೂ ಕಿವಿಗೆ ಬೇರೆ ಬೇರೆಯಾಗಿ ಕೇಳಿಸಬೇಕು, ಕೇಳಿಸದಿದ್ದರೆ ನಿಯಮ ಕೆಲಸವನ್ನೇ ನಿಲ್ಲಿಸುತ್ತದೆ ಎಂದು ವಾದಿಸಿದೆ. ನನ್ನ ವಿವರಣೆ ಎಲ್ಲಿ ಮುರಿಯುತ್ತದೆ ಅಂತಲೂ ಕೊನೆಯಲ್ಲಿ ಒಂದು ಪುಟ ಬರೆದೆ. ಸಂದರ್ಶನದಲ್ಲಿ ಅವರು ಹೆಚ್ಚು ಕೇಳಿದ್ದು ಆ ಪುಟದ ಬಗ್ಗೆಯೇ.

ಒಂದು ಸಣ್ಣ ವಿಷಯ. ಉದಾಹರಣೆಗಳನ್ನು ಲೈಪ್‌ಸಿಗ್ ನಿಯಮದಂತೆ ಮೂರು ಸಾಲಿನಲ್ಲಿ ಬರೆಯಲು ಮೊದಲೇ ಕಲಿಯಿರಿ: ಮೇಲೆ ಮೂಲ ಮಾತು, ನಡುವೆ ಒಂದೊಂದು ತುಂಡಿನ ವಿವರ, ಕೆಳಗೆ ಅರ್ಥ. ಓದುವವರಿಗೆ ಕನ್ನಡ ಬಾರದು. ನಡುವಿನ ಸಾಲು ಹದವಾಗಿದ್ದರೆ ಅವರೂ ನಿಮ್ಮ ಜೊತೆ ಯೋಚಿಸಬಲ್ಲರು.

ಉದ್ದೇಶ ಪತ್ರ, ಶಿಫಾರಸು ಪತ್ರಗಳ ಬಗ್ಗೆ ಹೇಳುವುದು ಕಡಿಮೆ. ಮೂರು ಶಿಫಾರಸು ಬೇಕಾಗುತ್ತದೆ. ಬರೆಯುವವರು ದೊಡ್ಡ ಹುದ್ದೆಯಲ್ಲಿರಬೇಕೆಂದಿಲ್ಲ, ನಿಮ್ಮ ಕೆಲಸ ನೋಡಿದವರಾಗಿರಬೇಕು. ಉದ್ದೇಶ ಪತ್ರದಲ್ಲಿ ಬಾಲ್ಯದ ಕಥೆ ಬೇಡ, ಪ್ರಶ್ನೆ ಬರೆಯಿರಿ.

ಅಮೆರಿಕದ ಅರ್ಜಿಗಳು ಡಿಸೆಂಬರ್, ಜನವರಿ ಹೊತ್ತಿಗೆ ಮುಗಿಯುತ್ತವೆ. ಫಲಿತಾಂಶ ಫೆಬ್ರವರಿ, ಮಾರ್ಚ್‌ನಲ್ಲಿ. ದುಡ್ಡಿನ ಸಮೇತ ಸೀಟು ಕೊಟ್ಟವರಿಗೆ ಉತ್ತರ ಹೇಳಲು ಏಪ್ರಿಲ್ 15ರ ತನಕ ಸಮಯವಿರುತ್ತದೆ. ಇದು ಬಹಳಷ್ಟು ವಿಶ್ವವಿದ್ಯಾಲಯಗಳು ಸೇರಿ ಒಪ್ಪಿಕೊಂಡಿರುವ ದಿನಾಂಕ. ಅದಕ್ಕೂ ಮುಂಚೆ ಯಾರಾದರೂ ಅವಸರ ಮಾಡಿದರೆ ಗಾಬರಿ ಬೇಡ. ಆ ವಾರಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಈಗ ಓದುತ್ತಿರುವವರ ಜೊತೆ ಮಾತಾಡಿದೆ. ಸ್ಟೈಪೆಂಡಿನಲ್ಲಿ ಬಾಡಿಗೆ ಕಳೆದು ಏನು ಉಳಿಯುತ್ತದೆ, ಬೇಸಿಗೆ ರಜೆಯಲ್ಲಿ ದುಡ್ಡು ಬರುತ್ತದೆಯೇ, ಗೈಡ್ ಬದಲಾಯಿಸಿದವರು ಇದ್ದಾರೆಯೇ, ಅವರಿಗೆ ಏನಾಯಿತು ಎಂದು ಕೇಳಿದೆ. ಕೊನೆಯ ಪ್ರಶ್ನೆಗೆ ಒಂದು ಕಡೆಯವರೆಲ್ಲ ಮೌನವಾದರು. ಆ ವಿಭಾಗಕ್ಕೆ ಹೋಗಲಿಲ್ಲ.

ಸೇರಿದ ಮೇಲೆ ಮೊದಲ ಸೆಮಿಸ್ಟರ್ ಪೂರ್ತಿ ಲೆಕ್ಕ ಬಿಡಿಸುವುದೇ. ಸಿಂಟ್ಯಾಕ್ಸ್, ಫೋನಾಲಜಿ, ಸೆಮ್ಯಾಂಟಿಕ್ಸ್ (ಅರ್ಥದ ಅಧ್ಯಯನ), ವಾರ ವಾರ ಒಂದೊಂದು ಕಟ್ಟು. ಜೊತೆಯಾಗಿ ಬಿಡಿಸಬಹುದು, ಬರೆಯುವುದು ಮಾತ್ರ ಬೇರೆ ಬೇರೆ. ಈ ಪದ್ಧತಿ ನನಗೆ ಹೊಸದು, ಬಹಳ ಒಳ್ಳೆಯದು. ಸೆಮ್ಯಾಂಟಿಕ್ಸ್‌ಗೆ ಎಂಜಿನಿಯರಿಂಗ್ ಗಣಿತ ಕೈ ಹಿಡಿಯಿತು, ಅಲ್ಲಿರುವುದು ಬರೀ ಸೆಟ್ಟು, ಫಂಕ್ಷನ್ನು.

ಎಲ್ಲಕ್ಕಿಂತ ಹೆಚ್ಚು ಕಲಿತದ್ದು ಫೀಲ್ಡ್ ಮೆಥಡ್ಸ್ ಕ್ಲಾಸಿನಲ್ಲಿ. ನಮಗಾರಿಗೂ ಗೊತ್ತಿಲ್ಲದ ಒಂದು ಭಾಷೆಯವರನ್ನು ವಿಭಾಗ ಸಂಬಳ ಕೊಟ್ಟು ಕರೆಸುತ್ತದೆ. ಸೆಮಿಸ್ಟರ್ ಇಡೀ ಅವರನ್ನು ಕೇಳಿ ಕೇಳಿ ವ್ಯಾಕರಣ ಕಟ್ಟಬೇಕು. ನಮಗೆ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಒಂದು ಭಾಷೆ. ಅಲ್ಲಿ ದನಿಯ ಏರಿಳಿತದ ಮೇಲೆ ಪದದ ಅರ್ಥವೇ ಬದಲಾಗುತ್ತದೆ. ನನ್ನ ಕಿವಿಗೆ ಎರಡು ಪದ ಒಂದೇ ಥರ ಕೇಳುತ್ತಿದ್ದವು. ಪ್ರಾಧ್ಯಾಪಕಿ ಆ ಭಾಷೆ ಆಡುವ ಹೆಂಗಸಿಗೆ, ಪದ ಬೇಡ, ಅದರ ಏರಿಳಿತವನ್ನಷ್ಟೇ ಶಿಳ್ಳೆಯಲ್ಲಿ ಹೇಳಿ ಎಂದರು. ಶಿಳ್ಳೆಯಲ್ಲಿ ವ್ಯಂಜನ ಸ್ವರ ಎಲ್ಲ ಹೋಗಿ ಬರೀ ದನಿ ಉಳಿಯಿತು. ಒಂದು ಮೇಲಿನಿಂದ ಕೆಳಗೆ, ಇನ್ನೊಂದು ಸಮತಟ್ಟು. ಆಮೇಲೆ ದನಿಯನ್ನು ಅಳೆದು ತೋರಿಸುವ ಪ್ರಾಟ್ ತಂತ್ರಾಂಶದಲ್ಲಿ ಗೆರೆ ಎಳೆಸಿ ನೋಡಿದರೆ ಅದೇ ಆಕಾರ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಯಾರಾದ ಈ ಪ್ರಾಟ್, ನೈಮೇಖನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ, ರೆಕಾರ್ಡಿಂಗಿಗೆ ಟಿಪ್ಪಣಿ ಹಾಕುವ ಈಲಾನ್, ಎರಡೂ ಉಚಿತ. ಹೋಗುವ ಮೊದಲೇ ಕೈ ಪಳಗಿಸಿಕೊಂಡರೆ ಒಂದು ತಲೆನೋವು ಕಡಿಮೆ.

ಉಳಿದ ಹೊತ್ತು, ಭಾಷೆಯ ಪ್ರಶ್ನೆಗಳಿಗೆ ಉತ್ತರ ಹೇಳುವವರ ಕುರ್ಚಿಯಲ್ಲಿ ನಾನೇ ಕೂರಬೇಕಾಗುತ್ತಿತ್ತು. ಸಹಪಾಠಿಗಳಿಗೆ ನಾನೊಬ್ಬ ಕನ್ನಡ ಮಾತಾಡುವವನು. ‘ರವಿ ತನ್ನನ್ನು ಹೊಡೆದ’ ಸರಿಯೋ, ‘ತನ್ನನ್ನು ಹೊಡೆದುಕೊಂಡ’ ಸರಿಯೋ ಎಂದು ಕೇಳುವರು. ಮೊದಲನೆಯದು ಸರಿ ಬರಲ್ಲ, ‘ಕೊಂಡ’ ಬೇಕು ಎನ್ನುತ್ತಿದ್ದೆ. ಇಪ್ಪತ್ತು ವಾಕ್ಯ ಆದಮೇಲೆ ತಲೆ ಮಂಕಾಗಿ ಎಲ್ಲವೂ ಸರಿ ಅನಿಸತೊಡಗುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಕೆಟ್ಟ ವಾಕ್ಯವನ್ನೂ ಮತ್ತೆ ಮತ್ತೆ ಕೇಳಿದರೆ ಕಿವಿ ಒಪ್ಪಿಕೊಂಡುಬಿಡುತ್ತದೆ. ಹಾಗಾಗಿ ನನ್ನ ಸ್ವಂತ ಕನ್ನಡವನ್ನೇ ಸಾಕ್ಷಿಯಾಗಿ ಬಳಸುವುದನ್ನು ಕಡಿಮೆ ಮಾಡಿ, ಬೇರೆ ಬೇರೆ ಕಡೆಯ ಕನ್ನಡದವರಿಗೆ ಪಟ್ಟಿ ಕಳಿಸಿ ಉತ್ತರ ತರಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಇದಕ್ಕೂ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಕಾಗಬಹುದು. ವಾರಗಟ್ಟಲೆ ಹಿಡಿಯುತ್ತದೆ, ಮೊದಲೇ ಕೇಳಿಡಿ.

ಬೇಸಿಗೆ ಶಾಲೆಗಳನ್ನು ತಪ್ಪಿಸಬೇಡಿ. ಅಮೆರಿಕದ ಭಾಷಾವಿಜ್ಞಾನ ಸೊಸೈಟಿ ಎರಡು ವರ್ಷಕ್ಕೊಮ್ಮೆ ದೊಡ್ಡದೊಂದು ಶಾಲೆ ನಡೆಸುತ್ತದೆ. ಯುರೋಪಿನಲ್ಲಿ ತರ್ಕ, ಭಾಷೆ ಎರಡೂ ಸೇರಿದ ಎಸ್ಲಿ ಇದೆ. ನಿಮ್ಮ ವಿಭಾಗದಲ್ಲಿ ಇಲ್ಲದ ವಿಷಯ ಅಲ್ಲಿ ಸಿಗುತ್ತದೆ, ಮುಂದೆ ಕೆಲಸಕ್ಕೆ ಬರುವ ಪರಿಚಯಗಳೂ ಅಲ್ಲೇ ಆಗುತ್ತವೆ.

ಕೆಲಸದ ವಿಚಾರ ಮುಚ್ಚಿಡುವುದು ಬೇಡ. ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆಗಳು ಕಡಿಮೆ, ಕಾಯುವವರು ಜಾಸ್ತಿ. ನನ್ನ ಜೊತೆಗಿದ್ದ ಕೆಲವರು ಮಾತು ಗುರುತಿಸುವ ತಂತ್ರಾಂಶದ ಕಂಪನಿಗಳಿಗೆ ಹೋದರು. ಅದಕ್ಕೆ ಪೈಥಾನ್, ಒಂದಿಷ್ಟು ಸ್ಟ್ಯಾಟಿಸ್ಟಿಕ್ಸ್ ಬೇಕು. ಮೂರನೇ ವರ್ಷದೊಳಗೆ ಕಲಿತಿಟ್ಟರೆ ಒಳ್ಳೆಯದು, ಪ್ರಬಂಧ ಬರೆಯುವಾಗ ಪುರುಸೊತ್ತು ಸಿಗುವುದಿಲ್ಲ. ಅಮೆರಿಕದ ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಓದು ಮುಗಿದ ಮೇಲೆ ಒಪಿಟಿ ಎಂಬ ತಾತ್ಕಾಲಿಕ ಪರವಾನಗಿಯಲ್ಲಿ 12 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಪದವಿಯ ವಿಷಯವನ್ನು ಸೂಚಿಸುವ ಕೋಡ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸೇರುತ್ತದೆ. ಆ ಕೋಡ್ ಎಲ್ಲ ವಿಭಾಗಗಳಲ್ಲೂ ಒಂದೇ ಆಗಿರಬೇಕೆಂದಿಲ್ಲ. ಏಪ್ರಿಲ್ 15ಕ್ಕೆ ಮುಂಚೆ ಕೇಳುವ ಪ್ರಶ್ನೆಗಳಲ್ಲಿ ಇದನ್ನೂ ಸೇರಿಸಿಕೊಳ್ಳಿ.